ಒಳಗಿನ ಮಂಜು

ಬ್ರೇಕಪ್ಪ ಎಂಬುದು ಅವನ ಹೆಸರಲ್ಲ, ಬಸ್ ಡಿಪೋದವರು ಕೊಟ್ಟ ಬಿರುದು. ದೂರದಲ್ಲಿ ಒಂದು ಬೆಕ್ಕು ರಸ್ತೆ ದಾಟುವ ಯೋಚನೆ ಮಾಡಿದರೂ ಸಾಕು, ಅವನ ಕಾಲು ಬ್ರೇಕಿನ ಮೇಲೆ ಇರುತ್ತಿತ್ತು. ನಿಂತ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸಿ ಬೈಯುತ್ತಿದ್ದರು, ಕಂಡಕ್ಟರು ನಗುತ್ತಿದ್ದ. ನಗುವವರು ನಗಲಿ, ನಕ್ಕವರಲ್ಲಿ ಎಷ್ಟು ಜನ ಗಾಡಿ ಗುದ್ದಿಸದೆ ಮನೆಗೆ ಹೋದರು ಹೇಳಿ ಎಂದು ಅವನು ಕೇಳುತ್ತಿದ್ದ. ನಿವೃತ್ತಿಯಾಗುವ ತನಕ ಅವನ ಬಸ್ಸು ಒಂದು ಸೈಕಲ್ಲಿಗೂ ತಾಗಿರಲಿಲ್ಲವಾದ್ದರಿಂದ ಡಿಪೋದಲ್ಲಿ ಯಾರೂ ಉತ್ತರ ಕೊಡುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಅವನಿಗೆ ಉಳಿದದ್ದು ಒಂದೇ ರೂಟು. ಬೆಳಗಿನ ಜಾವ ಹೆಂಡತಿಯನ್ನು ತನ್ನ ಹಳೇ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಬಿಟ್ಟು ಬರುವುದು. ಅವಳು ಅಲ್ಲಿ ರೋಗಿಯೂ ಅಲ್ಲ, ನರ್ಸೂ ಅಲ್ಲ. ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಹಾಸಿಗೆಯ ಹೊದಿಕೆ, ಡಾಕ್ಟರರ ಗೌನು, ವಾರ್ಡಿನ ಪರದೆ, ಆಸ್ಪತ್ರೆಯ ಸಕಲ ಕೊಳೆಯೂ ಅವಳ ಅಪ್ಪಣೆಯಾಗದೆ ಬಿಳಿಯಾಗುವಂತಿರಲಿಲ್ಲ. ಬಸ್ಸು ಬೀದಿಯ ತುದಿಯಿಂದಲೇ ಹೋಗುತ್ತಿತ್ತು. ಬರುವಾಗ ಅದರಲ್ಲೇ ಬರುತ್ತಿದ್ದಳು, ಹೋಗುವಾಗ ಮಾತ್ರ ಒಂದು ದಿನವೂ ಹತ್ತಿದವಳಲ್ಲ.

ಮನೆಯಲ್ಲಿ ಗಂಡ ಹೆಂಡಿರ ನಡುವೆ ಮಾತು ಅಷ್ಟಕ್ಕಷ್ಟೇ. ಜಗಳವೇನಿಲ್ಲ. ಅವಳು ಮಧ್ಯಾಹ್ನ ಬರುವಾಗ ಅವನಿಗೆ ನಿದ್ದೆ, ಅವನು ಏಳುವಾಗ ಅವಳಿಗೆ ನಿದ್ದೆ. ಸಂಜೆಗೆ ಟಿವಿ ಮಾತಾಡುತ್ತದೆ, ಇಬ್ಬರೂ ಕೇಳುತ್ತಾರೆ. ಆದರೆ ಕಾರಿನ ಬಾಗಿಲು ಮುಚ್ಚಿತೋ, ಅವಳ ಬಾಯಿ ತೆರೆಯಿತು ಅಂತಲೇ ಲೆಕ್ಕ. ಇಸ್ತ್ರಿ ಯಂತ್ರಕ್ಕಾಗಿ ಯಾರು ಯಾರ ಜುಟ್ಟು ಹಿಡಿದರು, ಯಾವ ಸರ್ಜನ್ನಿನ ಜೇಬಿನಲ್ಲಿ ಸಿನಿಮಾ ಟಿಕೆಟ್ಟು ಸಿಕ್ಕಿತು, ಮದುವೆಗೆ ಮುಂಚೆ ತನಗೆ ಯಾರ ಮೇಲೆ ಮನಸ್ಸಿತ್ತು, ಎಲ್ಲವೂ ಆ ಸೀಟಿನಲ್ಲಿ ಕೂತೇ ಹೊರಬಂದದ್ದು. ಅವನು ಹೂಂಗುಟ್ಟುತ್ತ ನೇರ ದಾರಿ ಬಿಟ್ಟು ಕಾಲುವೆ ಪಕ್ಕದ ಸುತ್ತುದಾರಿ ಹಿಡಿಯುತ್ತಿದ್ದ. ಅವಳಿಗೂ ಅದು ಗೊತ್ತಿತ್ತು, ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ. ಆ ಸವಾರಿಯೊಂದು ನಿಂತರೆ ತನ್ನ ಸಂಸಾರದಲ್ಲಿ ತನಗೆ ಉಳಿಯುವುದು ಊಟದ ತಟ್ಟೆ ಮತ್ತು ಟಿವಿ ಮಾತ್ರ ಎಂದು ಬ್ರೇಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಆ ಚಳಿಗಾಲದಲ್ಲಿ ಎಡವಟ್ಟಾದದ್ದು ಒಂದು ಮಾತಿನಿಂದ. ಮಗಳ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಇತ್ತೀಚೆಗೆ ಗಾಡಿ ಓಡಿಸುವಾಗ ಮುಂದೆಲ್ಲ ಮಂಜು ಮಂಜಾಗಿ ಕಾಣುತ್ತದೆ ಎಂದು ಅವನು ಅಂದ. ಅವನು ಹೇಳಿದ್ದು ಕಾರಿನ ಗಾಜನ್ನು. ಜೀವಮಾನವೆಲ್ಲ ಗಾಜಿನ ಹಿಂದೆ ಕೂತವನಿಗೆ ‘ಮುಂದೆ’ ಅಂದರೆ ಗಾಜೇ ತಾನೆ. ಆದರೆ ಕೇಳಿದವರ ಕಿವಿಗೆ ಬಿದ್ದದ್ದು ಕಣ್ಣು. ನಮ್ಮ ಭಾಷೆಯಲ್ಲಿ ಈ ಮಂಜು ಎನ್ನುವುದು ಎರಡು ಮನೆಯ ನೆಂಟ. ಗಾಜಿನ ಮೇಲೂ ಕೂರುತ್ತದೆ, ವಯಸ್ಸಾದವರ ಕಣ್ಣೊಳಗೂ ಕೂರುತ್ತದೆ. ಹರೆಯದವನು ಮಂಜು ಎಂದರೆ ಜನ ಕಿಟಕಿಯ ಕಡೆ ನೋಡುತ್ತಾರೆ, ಮುದುಕ ಮಂಜು ಎಂದರೆ ಅವನ ಮುಖ ನೋಡುತ್ತಾರೆ. ಮಗಳು ಚಮಚ ಕೆಳಗಿಟ್ಟು ಅವನ ಮುಖ ನೋಡಿದಳು.

ಮಗಳಿಗೆ ವಿಮಾ ಕಚೇರಿಯಲ್ಲಿ ಕೆಲಸ. ಯಾರ ಗಾಡಿ ಯಾರಿಗೆ ಗುದ್ದಿತು ಎಂದು ಓದುವುದೇ ಅವಳ ದಿನಚರಿ. ಅವಳು ತಾಯಿಯ ಕಡೆ ತಿರುಗಿದಳು. ತಾಯಿ ತನ್ನ ಹೊಟ್ಟೆಯಲ್ಲಿ ಇಷ್ಟು ದಿನ ಇಟ್ಟುಕೊಂಡಿದ್ದ ಸಂಶಯವನ್ನು ಆಗ ಹೊರಹಾಕಿದಳು. ಕಾರಿನೊಳಗೆ ಒಂದು ತಿಂಗಳಿನಿಂದ ಸಿಹಿ ಸಿಹಿ ವಾಸನೆ ಬರುತ್ತಿದೆ. ತನ್ನ ಕಾಲಡಿಯ ಕಾರ್ಪೆಟ್ಟು ಒದ್ದೆಯಾಗಿದೆ, ಬೂಟು ಅಂಟುತ್ತದೆ. ಗಂಡನಿಗೆ ಸಕ್ಕರೆ ಕಾಯಿಲೆ ಗಡಿಯಲ್ಲಿದೆ, ಸಿಹಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿ ವರ್ಷವಾಯಿತು. ತನ್ನನ್ನು ಇಳಿಸಿ ವಾಪಸು ಬರುವಾಗ ಈ ಮನುಷ್ಯ ದಾರಿಯಲ್ಲಿ ಶರಬತ್ತಿನ ಬಾಟಲಿ ಬಿಚ್ಚುತ್ತಾನೆ, ಕುಡಿಯುತ್ತಾನೆ, ಚೆಲ್ಲುತ್ತಾನೆ. ಶರಬತ್ತಿನಿಂದ ಸಕ್ಕರೆ ಏರಿದೆ, ಸಕ್ಕರೆಯಿಂದ ಕಣ್ಣು ಮಂಜಾಗಿದೆ. ಎಲ್ಲ ಗಂಟುಗಳೂ ಎಷ್ಟು ಚೆನ್ನಾಗಿ ಕೂತವೆಂದರೆ, ಸ್ವತಃ ಬ್ರೇಕಪ್ಪನಿಗೇ ಒಂದು ಗಳಿಗೆ ಹೌದಲ್ಲ ಅನ್ನಿಸಿತು.

ಅವನು ಶರಬತ್ತು ಕುಡಿದಿರಲಿಲ್ಲ. ಆದರೆ ಹಳೇ ಕಂಡಕ್ಟರನ ಬೀಳ್ಕೊಡುಗೆಯಲ್ಲಿ ದೊಡ್ಡದೊಂದು ಕೇಕಿನ ತುಂಡು ನುಂಗಿ ಮೀಸೆ ಒರೆಸಿಕೊಂಡು ಬಂದಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಮೀಸೆ ಮುಟ್ಟಿ ನೋಡಿಕೊಂಡ. ಅಲ್ಲಿಗೆ ಅವನ ವಾದ ಬಿದ್ದುಹೋಯಿತು. ಮಗಳು ಅಲ್ಲಿಂದಲೇ ಫೋನು ಮಾಡಿ ಕಣ್ಣಿನ ಡಾಕ್ಟರರಲ್ಲಿ ಮುಂದಿನ ವಾರಕ್ಕೆ ಸಮಯ ಕೇಳಿದಳು. ಡಾಕ್ಟರು ಸರಿ ಎನ್ನುವವರೆಗೆ ಅಮ್ಮ ಬಸ್ಸಿನಲ್ಲಿ ಹೋಗಲಿ, ಅಪ್ಪ ಕಾರಿನ ಬೀಗದಕೈ ತನ್ನ ಕೈಗೆ ಕೊಡಲಿ ಎಂದಳು. ಅಳಿಯ ಒಳ್ಳೆಯವನು. ಮಾವನ ತಟ್ಟೆಯ ಪಕ್ಕದಿಂದ ಸಿಹಿಯ ಬಟ್ಟಲನ್ನು ಮಾತ್ರ ಮೆಲ್ಲಗೆ ಆಚೆ ಸರಿಸಿದ.

ಬ್ರೇಕಪ್ಪನಿಗೆ ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಒಂದು ಕಣ್ಣು ಮುಚ್ಚಿ ಎದುರು ಮನೆಯ ಅಂಕಿ ಓದಿ ನೋಡೋಣ ಎಂದು ಅನ್ನಿಸಿದ್ದುಂಟು, ಓದಲಿಲ್ಲ. ಪರೀಕ್ಷೆಗೆ ಕೂರದವನು ಫೇಲಾಗುವುದಿಲ್ಲವಲ್ಲ.

ಬೀಗದಕೈ ಕೊಡಬೇಕಾಗಿದ್ದ ದಿನದ ಹಿಂದಿನ ದಿನ ಹೆಂಡತಿ ಕಾರು ತೊಳೆಯಲು ಹೊರಟಳು. ನಾಳೆಯಿಂದ ಮಗಳ ಮನೆಯ ಮುಂದೆ ನಿಲ್ಲುವ ಗಾಡಿ, ಜನ ನೋಡಿದರೆ ಏನಂದುಕೊಂಡಾರು ಎಂಬುದು ಅವಳ ಚಿಂತೆ. ಆಸ್ಪತ್ರೆಯಿಂದ ತಂದಿದ್ದ ಹಳೇ ಬಿಳಿ ಬಟ್ಟೆಗಳನ್ನು ಹಿಡಿದು ಮಂಡಿಯೂರಿ ತನ್ನ ಸೀಟಿನ ಮುಂದಿನ ಕಾರ್ಪೆಟ್ಟನ್ನು ಒತ್ತಿ ಒತ್ತಿ ಹಿಂಡಿದಳು. ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಬೆರಳಲ್ಲಿ ತಿಕ್ಕಿ ನೋಡಿದಳು. ಆಮೇಲೆ ಗಂಡನನ್ನು ಕರೆದಳು. ಅವನು ಇನ್ನೊಂದು ಆರೋಪ ಬಂತು ಅಂದುಕೊಂಡೇ ಬಂದ.

“ಸಕ್ಕರೆ ಒಣಗಿದ್ರೆ ಬಟ್ಟೆ ರಟ್ಟಿನ ಹಾಗಾಗುತ್ತೆ. ಇದು ಒಣಗೋದೇ ಇಲ್ಲ, ಎಣ್ಣೆ ಥರ ಜಾರುತ್ತೆ. ಬಣ್ಣ ನೋಡಿದ್ರೆ ಹಸಿರು,” ಅಂದಳು. “ರೀ, ಇದು ಶರಬತ್ತಲ್ಲ.”

ಕಲೆಯ ವಿಷಯದಲ್ಲಿ ಅವಳ ಮಾತಿಗೆ ಆಸ್ಪತ್ರೆಯಲ್ಲಿ ಮೇಲ್ಮನವಿಯಿಲ್ಲ. ಬ್ರೇಕಪ್ಪ ಬಟ್ಟೆಯನ್ನು ಮೂಸಿದ, ಮೂಸಿದ್ದೇ ಅವನಿಗೆ ಎಲ್ಲವೂ ಹೊಳೆಯಿತು. ಇಂಜಿನ್ನು ತಣ್ಣಗಿಡಲು ನೀರಿಗೆ ಬೆರೆಸಿ ಹಾಕುವ, ಸಿಹಿ ವಾಸನೆಯ ಕೂಲೆಂಟು ಅದು. ಚಳಿಗಾಲ ಶುರುವಾದಾಗಿನಿಂದ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಅದು ಇಳಿಯುತ್ತಲೇ ಇತ್ತು. ಅವನು ಮುಚ್ಚಳ ಸಡಿಲವಾಗಿದೆ ಎಂದು ಬೈದು ತುಂಬುತ್ತಲೇ ಇದ್ದ. ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿನದೊಂದು ಪುಟ್ಟ ರೇಡಿಯೇಟರ್ ಇರುತ್ತದೆ. ಇಂಜಿನ್ನಿನ ಬಿಸಿನೀರು ಅದರೊಳಗೆ ಹರಿಯುತ್ತದೆ, ಫ್ಯಾನು ಅದರ ಮೇಲೆ ಗಾಳಿ ಬೀಸುತ್ತದೆ, ಕೂತವರಿಗೆ ಬೆಚ್ಚಗಾಗುತ್ತದೆ. ಅದು ತೂತಾಗಿದೆ. ತೊಟ್ಟಿಕ್ಕಿದ್ದು ಹೆಂಡತಿಯ ಕಾಲಡಿಗೆ ಬಿದ್ದಿದೆ, ಆವಿಯಾದದ್ದು ಗಾಜಿನ ಒಳಮೈಗೆ ಜಿಡ್ಡಾಗಿ ಅಂಟಿದೆ. ಸಿಹಿ ವಾಸನೆಯೂ ಅದರದೇ, ಮಂಜೂ ಅದರದೇ. ಡಿಪೋದಲ್ಲಿ ಸ್ಟೇರಿಂಗು ಹಿಡಿದವರು ಸ್ಪ್ಯಾನರು ಮುಟ್ಟುವ ಹಾಗಿರಲಿಲ್ಲ, ಇಲ್ಲದಿದ್ದರೆ ಇದು ಅವನಿಗೆ ಮೊದಲ ವಾರವೇ ತಿಳಿಯಬೇಕಿತ್ತು.

ಅವನು ಮಗಳಿಗೆ ಫೋನು ಮಾಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಕಾರಿಗೆ ಕಾಯಿಲೆ ಬಂದರೆ ಮುದುಕನಿಗೆ ಡಾಕ್ಟರೇನಮ್ಮ ಎಂದು ಶುರುಮಾಡಿ, ಅವಳು ಸಾಕಪ್ಪ ಎಂದು ನಗುವವರೆಗೆ ಬಿಡಲಿಲ್ಲ. ಕಣ್ಣಿನ ಡಾಕ್ಟರರ ಸಮಯವನ್ನು ಮಗಳೇ ರದ್ದು ಮಾಡಿಸಿದಳು. ಹೆಂಡತಿ ಆ ಸಂಜೆ ಟಿವಿ ಆರಿಸಿ, ನಿಮ್ಮ ಮೇಲೆ ಸುಮ್ಮನೆ ಅನುಮಾನ ಪಟ್ಟೆ, ತಪ್ಪಾಯಿತು ಎಂದಳು. ಬ್ರೇಕಪ್ಪನಿಗೆ ಖುಷಿಯಾಯಿತು. ಕೇಕಿನ ವಿಷಯ ಹೇಳಲು ಅದು ಒಳ್ಳೆಯ ಹೊತ್ತಲ್ಲ ಎಂದು ಸುಮ್ಮನಾದ.

ಗ್ಯಾರೇಜಿನವನು ಡಿಪೋದ ಹಳೇ ಫಿಟ್ಟರು. ಯಾರೇನು ಕೇಳಿದರೂ ‘ಸುಮ್ನಿರಪ್ಪಾ’ ಎಂದೇ ಮಾತು ಶುರುಮಾಡುವವನಾದ್ದರಿಂದ ಅವನ ಹೆಸರೂ ಅದೇ ಆಗಿತ್ತು. ಸುಮ್ನಿರಪ್ಪ ಎರಡು ಉಪಾಯ ಹೇಳಿದ. ಹೀಟರಿಗೆ ಹೋಗುವ ರಬ್ಬರು ಪೈಪು, ಬರುವ ಪೈಪು ಎರಡನ್ನೂ ಇಂಜಿನ್ನಿನ ಬಳಿಯೇ ಒಂದಕ್ಕೊಂದು ಜೋಡಿಸಿಬಿಟ್ಟರೆ ನೀರು ಒಳಗೆ ಬರುವುದೇ ಇಲ್ಲ, ಸೋರುವ ಮಾತೆಲ್ಲಿ. ಆದರೆ ಬಿಸಿಗಾಳಿ ಇರುವುದಿಲ್ಲ, ಚಳಿಯ ಬೆಳಿಗ್ಗೆ ಗಾಜಿನ ಮಂಜು ಕರಗುವುದಿಲ್ಲ. ಇನ್ನೊಂದು, ತೂತು ಮುಚ್ಚುವ ಪುಡಿ ಸಿಗುತ್ತದೆ, ನೀರಿಗೆ ಹಾಕಬಹುದು. ಆದರೆ ಅದು ತೂತನ್ನೂ ಮುಚ್ಚುತ್ತದೆ, ತೂತಲ್ಲದ್ದನ್ನೂ ಮುಚ್ಚುತ್ತದೆ. ಬ್ರೇಕಪ್ಪ ಎರಡನ್ನೂ ಒಪ್ಪಲಿಲ್ಲ. ಗಾಜು ಸ್ವಚ್ಛವಾಗಬೇಕು, ಸ್ವಚ್ಛವಾಗಿಯೇ ಇರಬೇಕು, ನಾಳೆ ಮತ್ತೆ ಯಾರೂ ಮಂಜು ಎಂಬ ಮಾತೆತ್ತಬಾರದು ಎಂದ. ಹಾಗಾದರೆ ಇಡೀ ಡ್ಯಾಶ್‌ಬೋರ್ಡು ಬಿಚ್ಚಬೇಕು, ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ, ನೀನೂ ಕೈ ಹಾಕಬೇಕು ಎಂದ ಸುಮ್ನಿರಪ್ಪ.

ಇಬ್ಬರೂ ಅಗೆದರು. ಮುಂದಿನ ಸೀಟುಗಳು ಹೊರಗೆ ಬಂದವು, ಸ್ಟೇರಿಂಗ್ ಚಕ್ರ ಬಂತು. ಸುಮ್ನಿರಪ್ಪ ಒಂದು ದೊಡ್ಡ ರಟ್ಟಿನ ಮೇಲೆ ಡ್ಯಾಶ್‌ಬೋರ್ಡಿನ ಆಕಾರ ಬರೆದು, ಯಾವ ಜಾಗದ ಸ್ಕ್ರೂ ಬಿಚ್ಚಿದರೋ ಚಿತ್ರದ ಅದೇ ಜಾಗಕ್ಕೆ ಚುಚ್ಚಿಡುತ್ತ ಹೋದ. ಅದೊಂದೇ ದಾರಿ, ಇಲ್ಲದಿದ್ದರೆ ಜೋಡಿಸಿ ಮುಗಿಸುವಾಗ ಅಂಗೈಯಲ್ಲಿ ಮೂರು ಸ್ಕ್ರೂ ಮಿಕ್ಕುತ್ತವೆ, ಮನಸ್ಸಿಗೆ ನೆಮ್ಮದಿಯಿರುವುದಿಲ್ಲ. ಬ್ರೇಕಪ್ಪನ ಕೈಯಿಂದ ಜಾರಿದ ಸ್ಕ್ರೂಗಳು ಅವನಿಗೆ ನೆಲದಲ್ಲಿ ಸಿಗುತ್ತಿರಲಿಲ್ಲ. ನಿನ್ನ ಗ್ಯಾರೇಜಿನಲ್ಲಿ ಗೂಬೆ ಮಾತ್ರ ಕೆಲಸ ಮಾಡಬಹುದು, ಒಂದು ಒಳ್ಳೇ ದೀಪ ಹಾಕಿಸು ಎಂದು ಅವನು ಬೈದ. ಸುಮ್ನಿರಪ್ಪ ಬಗ್ಗಿ ಹೆಕ್ಕಿ ಕೊಟ್ಟ.

ರಬ್ಬರು ಪೈಪುಗಳು ತಾಮ್ರದ ಕೊಳವೆಗೆ ಕಚ್ಚಿಕೊಂಡಿದ್ದವು. ಎಳೆದರೆ ಕೊಳವೆಯ ಕತ್ತೇ ತಿರುಚುತ್ತದೆ ಎಂದು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿದರು. ಪ್ಲಾಸ್ಟಿಕ್ಕಿನ ಪೆಟ್ಟಿಗೆಯ ಒಳಗಿನಿಂದ ಕೊನೆಗೂ ಆ ಇಲಿ ಹೊರಬಂತು. ಒಂದು ಪುಸ್ತಕದಷ್ಟು ದೊಡ್ಡದು, ಮೂಲೆಯ ಬೆಸುಗೆಯಲ್ಲಿ ಹಸಿರು ಹಕ್ಕಳೆ. ಆ ಕಾಲದ ಕಾರಿಗೆ ಹೊಸದು ಯಾರೂ ಮಾಡುವುದಿಲ್ಲವಾದ್ದರಿಂದ ಅದನ್ನೇ ಉಜ್ಜಿ, ಮತ್ತೆ ಬೆಸೆದು, ಒಂದು ಬಾಯಿ ಮುಚ್ಚಿ ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಒಂದು ಗುಳ್ಳೆಯೂ ಏಳಲಿಲ್ಲ. ಬ್ರೇಕಪ್ಪ ಮುಖವನ್ನು ನೀರಿಗೆ ತಾಗುವಷ್ಟು ಹತ್ತಿರ ತಂದು ನೋಡಿದ.

ಎಲ್ಲ ಜೋಡಿಸಿದ ಮೇಲೆ ಕಾರನ್ನು ಏರುಜಾಗದಲ್ಲಿ ಮೂತಿ ಮೇಲಾಗಿ ನಿಲ್ಲಿಸಿ, ಹೀಟರು ಪೂರ್ತಿ ತಿರುಗಿಸಿ, ಸಿಕ್ಕಿಬಿದ್ದ ಗಾಳಿಯೆಲ್ಲ ಗುಳುಗುಳು ಎಂದು ಹೊರಹೋಗುವ ತನಕ ಇಂಜಿನ್ನು ಓಡಿಸಿದರು. ಕಾಲಡಿಯಲ್ಲಿ ಹೊಸದಾಗಿ ಹಾಸಿದ ಒಣ ಕಾರ್ಪೆಟ್ಟು, ಮುಖಕ್ಕೆ ಬಿಸಿಗಾಳಿ. ಹೆಂಡತಿ ಕೊಟ್ಟು ಕಳಿಸಿದ್ದ ಬಟ್ಟೆಗಳಿಂದ ಬ್ರೇಕಪ್ಪ ಗಾಜಿನ ಒಳಮೈಯನ್ನು ಸೋಪುನೀರಲ್ಲಿ ಒಮ್ಮೆ, ವಿನೆಗರಿನಲ್ಲಿ ಒಮ್ಮೆ ತಿಕ್ಕಿದ. ಮೊದಲ ಬಟ್ಟೆ ಜಿಡ್ಡು ಜಿಡ್ಡಾಗಿ ಬಂತು, ಕೊನೆಯದು ಹೋದಷ್ಟೇ ಬಿಳಿಯಾಗಿ ವಾಪಸು ಬಂತು. ಹಗಲು ಬೆಳಕಿನಲ್ಲಿ ಮನೆಗೆ ಬರುವಾಗ ಅವನಿಗೆ ರಸ್ತೆ ಚೆನ್ನಾಗಿಯೇ ಕಂಡಿತು. ಚೆನ್ನಾಗಿ ಕಾಣಬೇಕೆಂದು ಅವನು ಅಷ್ಟು ಆಸೆಪಟ್ಟಿದ್ದ.

ಮಾರನೇ ದಿನ ಬೆಳಗಿನ ಜಾವ ಹೆಂಡತಿ ಕಾರಿಗೆ ಹತ್ತಿ, ಸ್ವಲ್ಪ ಹೊತ್ತಿಗೆ ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಗಾಜು ಇದೆಯೋ ಇಲ್ಲವೋ ಅನ್ನುವ ಹಾಗಿದೆ ಎಂದಳು. ಆಮೇಲೆ ಬಾಕಿಯಿದ್ದ ಮಾತಿನ ಮೂಟೆ ಬಿಚ್ಚಿದಳು. ಇಸ್ತ್ರಿ ವಿಭಾಗಕ್ಕೆ ಬಂದ ಹೊಸ ಹೆಂಗಸೊಬ್ಬಳು ಮೊದಲ ದಿನವೇ ದೊಡ್ಡ ಡಾಕ್ಟರರ ಗೌನಿನ ಬೆನ್ನು ಸುಟ್ಟಿದ್ದಳು. ಅದನ್ನು ಅಡಗಿಸಲು ಹೋಗಿ ಆದ ಪಜೀತಿಯ ಕಥೆ.

ಬ್ರೇಕಪ್ಪ ಹೂಂಗುಟ್ಟುತ್ತ ಮುಂದೆ ನೋಡಿದ. ಬೀದಿ ದೀಪಗಳು ಒಂದೊಂದೂ ಉಣ್ಣೆ ಸುತ್ತಿಕೊಂಡಂತೆ ಕಾಣುತ್ತಿದ್ದವು. ಹಿಂದಿನ ವಾರ ಕಂಡಿದ್ದೂ ಹೀಗೆಯೇ. ಅವನು ಗಾಜು ಒರೆಸಿದ, ಬಟ್ಟೆಗೆ ಏನೂ ಹತ್ತಲಿಲ್ಲ. ಫ್ಯಾನು ಜೋರು ಮಾಡಿದ. ಸಿಗ್ನಲ್ಲಿನಲ್ಲಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಉಜ್ಜಿ ಹಾಕಿಕೊಂಡ. ಎದುರಿನ ಕೆಂಪು ದೀಪ ಮೊದಲಿನಷ್ಟೇ ದೊಡ್ಡದಾಗಿ, ಅಂಚಿಲ್ಲದೆ ಹರಡಿಕೊಂಡಿತ್ತು.

ಅವನಿಗೆ ಅರ್ಥವಾಯಿತು. ಅದರ ಜೊತೆಗೇ ಇನ್ನೊಂದೂ ಅರ್ಥವಾಯಿತು. ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ. ಡಾಕ್ಟರರ ಸಮಯ ರದ್ದಾಗಿದೆ. ಅಳಿಯ ಈ ಕಥೆಯನ್ನು ಆಫೀಸಿನಲ್ಲೆಲ್ಲ ಹೇಳಿ ನಗಿಸಿದ್ದಾನೆ. ಇನ್ನು ಮೇಲೆ ಮನೆಯಲ್ಲಿ ಮಂಜು ಎಂದರೆ ಎಲ್ಲರೂ ನಗುತ್ತಾರೆಯೇ ಹೊರತು ಅವನ ಮುಖ ನೋಡುವುದಿಲ್ಲ. ಯಾವ ಕಚೇರಿಯೂ ಕೊಡಲಾರದ ಲೈಸೆನ್ಸು ಅವನ ಕೈಗೆ ಬಂದಿತ್ತು. ಪಕ್ಕದಲ್ಲಿ ಅವಳು ತನ್ನ ಕಥೆಯಲ್ಲಿ, ಆ ಹೆಂಗಸು ಸುಟ್ಟ ಗೌನನ್ನು ಪರದೆಗಳ ಗಂಟಿನೊಳಗೆ ತುರುಕಿದ ಜಾಗಕ್ಕೆ ಬಂದಿದ್ದಳು. ಮುಂದೇನಾಯಿತು ಎಂದು ಅವನಿಗೆ ಕೇಳಬೇಕಾಗಿತ್ತು. ಅವನು ಕಾಲುವೆ ದಾರಿಗೆ ತಿರುಗಿದ.

ಆ ದಾರಿಯಲ್ಲಿ ಒಬ್ಬ ಸೈಕಲ್ಲಿನವನು ಹೋಗುತ್ತಿದ್ದ. ಅವನು ಬ್ರೇಕಪ್ಪನಿಗೆ ಕಂಡದ್ದು ಹೆಂಡತಿಯ ಕಿಟಕಿಯ ಪಕ್ಕಕ್ಕೆ ಬಂದ ಮೇಲೆ, ಕನ್ನಡಿಗೂ ಅವನ ಮೊಣಕೈಗೂ ಒಂದು ಗೇಣು ಉಳಿದಿದ್ದಾಗ. ಸೈಕಲ್ಲು ಹಿಂದಕ್ಕೆ ಹೋಯಿತು. ಬ್ರೇಕಪ್ಪನ ಕಾಲು ಬ್ರೇಕಿನ ಮೇಲೆ ಇರಲೇ ಇಲ್ಲ. ಹೆಂಡತಿ ನಗುತ್ತಾ ಕಥೆ ಹೇಳುತ್ತಲೇ ಇದ್ದಳು, ಅವಳ ಗಮನ ಅತ್ತ ಇರಲಿಲ್ಲ.

ಬ್ರೇಕಪ್ಪ ಆ ದಾರಿಯ ಬಸ್ ನಿಲ್ದಾಣ ದಾಟಿ, ಬಸ್ಸಿಗೆ ಅಡ್ಡವಾಗದ ಹಾಗೆ ಸ್ವಲ್ಪ ಮುಂದೆ ಹೋಗಿ ಕಾರು ನಿಲ್ಲಿಸಿದ. ಯಾಕೆ ನಿಲ್ಲಿಸಿದಿರಿ ಎಂದು ಅವಳು ಕೇಳಿದಳು.

“ಮಂಜು,” ಅಂದ.

ಅವಳು ಅಭ್ಯಾಸಬಲದಿಂದ ಕೈಗವಸು ತೆಗೆದುಕೊಂಡು ಗಾಜನ್ನು ಒರೆಸಲು ಮುಂದೆ ಬಗ್ಗಿದಳು. ಒರೆಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅವಳ ಕೈ ಗಾಜಿನ ಮೇಲೆಯೇ ನಿಂತಿತು.

“ಕಾರು ಸರಿಯಾಯ್ತು ಕಣೆ,” ಅಂದ ಅವನು. “ಮಂಜು ಹಾಗೇ ಇದೆ.”

ಯಾವಾಗಿನಿಂದ ಎಂದು ಅವಳು ಕೇಳಿದಳು. ಗಾಜಿನದೆಷ್ಟು, ಕಣ್ಣಿನದೆಷ್ಟು ಎಂದು ಹೇಗೆ ಹೇಳಲಿ, ಒಂದರ ಮೇಲೊಂದು ಕೂತಿತ್ತಲ್ಲ ಎಂದ. ಈಗ ತಾನೇ ಒಂದು ಸೈಕಲ್ಲಿನವನನ್ನು ನೋಡಲಿಲ್ಲ ಎಂಬುದನ್ನೂ ಹೇಳಿದ. ಅವಳು ಹಿಂತಿರುಗಿ ಖಾಲಿ ರಸ್ತೆಯನ್ನು ನೋಡಿದಳು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆ ಕಾರಿನೊಳಗೆ ಅವಳು ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು.

“ಎಲ್ಲರ ಬಾಯೂ ಮುಚ್ಚಿಸಿಬಿಟ್ಟಿದ್ರಿ,” ಅಂದಳು ಕಡೆಗೆ. “ಹೇಳದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ.”

“ಪಕ್ಕದಲ್ಲಿ ಕೂರೋಳು ನೀನಲ್ವಾ.”

ಅವಳಿಗೆ ಅಳು ಬಂತು, ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಪೊರೆ ಬಂದಿದ್ದರೆ ತೆಗೆಯುತ್ತಾರೆ, ಕಣ್ಣಿನ ವಾರ್ಡಿನ ಬಟ್ಟೆ ಒಗೆಸುವವಳೇ ತಾನು, ಎಷ್ಟು ಜನ ನೆಟ್ಟಗಾಗಿ ಹೋದದ್ದನ್ನು ನೋಡಿಲ್ಲ, ಇವತ್ತೇ ಡಾಕ್ಟರರನ್ನು ಕೇಳುತ್ತೇನೆ ಎಂದಳು. ಪೊರೆಯಲ್ಲದೆ ಬೇರೇನಾದರೂ ಆಗಿದ್ದರೆ ಎಂದು ಅವನು ಕೇಳಲಿಲ್ಲ, ಅವಳೂ ಆ ಮಾತೆತ್ತಲಿಲ್ಲ. ಬಸ್ಸಿನ ದೀಪಗಳು ಕಂಡವು. ಅವಳು ಕೈಗವಸು ಹಾಕಿಕೊಂಡು ಇಳಿದು ನಿಲ್ದಾಣದ ಕಡೆ ಬೇಗ ಬೇಗ ಹೆಜ್ಜೆ ಹಾಕಿದಳು. ಸುಟ್ಟ ಗೌನಿನ ಕಥೆ ಅರ್ಧಕ್ಕೇ ಉಳಿಯಿತು.

ಬಸ್ಸು ಕಾರಿನ ಪಕ್ಕದಲ್ಲೇ ಹಾದುಹೋಯಿತು. ಒಳಗೆಲ್ಲ ದೀಪ ಹಾಕಿದ್ದರು, ಕಿಟಕಿಗಳಲ್ಲಿ ಮುಖಗಳಿದ್ದವು; ಅವಳದ್ದು ಯಾವುದು ಎಂದು ಅವನಿಗೆ ತಿಳಿಯಲಿಲ್ಲ. ಅಂದಾಜಿನ ಮೇಲೆ ಒಂದು ಕಿಟಕಿಗೆ ಕೈಯೆತ್ತಿದ.

ಆಮೇಲೆ ಅಳಿಯನಿಗೆ ಫೋನು ಮಾಡಿ, ಕಾಲುವೆ ರಸ್ತೆಗೆ ಬಂದು ಕಾರು ತೆಗೆದುಕೊಂಡು ಹೋಗಬೇಕು ಎಂದ. ಅಳಿಯ ನಿದ್ದೆಗಣ್ಣಿನಲ್ಲಿದ್ದ. ಯಾಕೆ ಮಾವ, ಮತ್ತೆ ಸೋರುತ್ತಿದೆಯಾ ಎಂದು ಕೇಳಿದ.

“ಇಲ್ಲಪ್ಪ, ಕಾರಿಗೇನೂ ಆಗಿಲ್ಲ,” ಅಂದ ಬ್ರೇಕಪ್ಪ. “ನೀನೇ ಬಂದು ಓಡಿಸ್ಕೊಂಡು ಹೋಗು.”